ಹಣೆಯ ಮೇಲಿನ ಕೆಂಪು ಬಾಣ

ತಿರುಪ್ಪೂರಿನಲ್ಲಿ ನನ್ನ ರೈಲಿಗೆ ಮುಕ್ಕಾಲು ಗಂಟೆಯಷ್ಟೇ ಉಳಿದಿತ್ತು. ಸ್ಟೇಷನ್ನಿಗೆ ಬಿಡಲು ಹೊರಟ ಗೆಳೆಯ "ಎರಡೇ ನಿಮಿಷ" ಎಂದು ತನ್ನ ಬನಿಯನ್ ಕಂಪನಿಗೆ ನುಗ್ಗಿದವನು, ಆಫೀಸಿನೊಳಗೆ ಫೋನಿನಲ್ಲಿ ಯಾರ ಮೇಲೋ ಕೂಗಾಡುತ್ತಿದ್ದ. ಕೂರಲಾಗದೆ ನಾನು ಚೆಕಿಂಗ್ ಮೇಜಿನ ಸುತ್ತ ಸುಳಿದಾಡಿದೆ.

ಮೇಜಿನ ತುಂಬ ಟೀ ಶರ್ಟುಗಳು. ಎಲ್ಲದರ ಎದೆಯ ಮೇಲೂ ಕೈಮೇಲೆ ಕೈಯಿಟ್ಟು ಮೆಲ್ಲಗೆ ನಗುವ, ಜಗತ್ತಿಗೆಲ್ಲ ಗೊತ್ತಿರುವ ಆ ಇಟಲಿಯ ಹೆಂಗಸು. ತಪಾಸಣೆ ಮಾಡುತ್ತಿದ್ದ ಸರೋಜಕ್ಕ, ತಪ್ಪು ಕಂಡಲ್ಲಿ ಅಂಟಿಸುವ ಕೆಂಪು ಬಾಣದ ಸ್ಟಿಕ್ಕರನ್ನು ಒಂದೊಂದರ ಹಣೆಗೂ ಒತ್ತುತ್ತಿದ್ದರು. ಏನು ತಪ್ಪೆಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ. ಅವರು ಕನ್ನಡದಲ್ಲೇ ಉತ್ತರಿಸಿದರು. ಅದು ಅವರ ಮನೆಮಾತಂತೆ.

"ಹುಬ್ಬೇ ಇಲ್ಲ ನೋಡಿ ತಂಬಿ. ಪ್ರಿಂಟಿಂಗ್‌ನವ್ರು ಬಿಟ್ಟುಬಿಟ್ಟವ್ರೆ. ಅದಕ್ಕೇ ನಮ್ ಮೊದಲಾಳಿ, ನಿಮ್ ಗೆಳೆಯ್ರು, ಫೋನಲ್ಲಿ ಅವ್ರಿಗೆ ಬಯ್ತಾವ್ರೆ."

ಅಸಲಿ ಚಿತ್ರವನ್ನೇ ಪ್ಯಾರಿಸ್ಸಿನಲ್ಲಿ ಸಾಲು ನಿಂತು ನೋಡಿ ಬಂದವನು ನಾನು. ಅಲ್ಲಿ ತೆಗೆದ ಫೋಟೊವನ್ನು ಫೋನಿನಲ್ಲಿ ಹಿಗ್ಗಿಸಿದೆ. ಅದರಲ್ಲೂ ಹುಬ್ಬಿರಲಿಲ್ಲ. ಅಲ್ಲೂ ಗಡಿಯಾರ ನೋಡಿಕೊಂಡೇ ನಿಂತಿದ್ದೆನೆಂದು ನೆನಪಾಯಿತು.

"ಮೂಲ ಚಿತ್ರದಲ್ಲೇ ಇಲ್ಲ ಅಕ್ಕ. ಎಲ್ಲರೂ ನಗು ನೋಡ್ತಾರೆ, ಹುಬ್ಬು ನೋಡಲ್ಲ."

"ಅಪ್ಪಡಿಯಾ, ಹಂಗಾ" ಎಂದರು, ನಂಬಿದಂತೆ ಕಾಣಲಿಲ್ಲ.

ಗೆಳೆಯನನ್ನು ಕೂಗಿ ಫೋಟೊ ತೋರಿಸಿದೆ. ಅವನು ಹಣೆ ಚಚ್ಚಿಕೊಂಡು ಫೋನಿಟ್ಟು, ಕಾರಿನ ಕೀಲಿಗಾಗಿ ಜೇಬು ತಡಕಾಡಿದ. ಸರೋಜಕ್ಕ ಬಾಣಗಳನ್ನು ಒಂದೊಂದಾಗಿ ಕೀಳತೊಡಗಿದರು.

"ನಗು ನೋಡಿ ಪಾಸ್ ಮಾಡೋದಾದ್ರೆ, ನಾನ್ ಯಾಕೆ ಇಲ್ಲಿ ನಿಂತಿರ್ಬೇಕು ತಂಬಿ?"