ಮಲ್ಲಿಕಾರ್ಜುನಯ್ಯನವರ ನೀಲಿ ಕಲ್ಲು

ನಗರ್ತಪೇಟೆಯ ಬಟ್ಟೆ ಅಂಗಡಿಯನ್ನು ಮಗಳಿಗೆ ಒಪ್ಪಿಸಿದ ಮೇಲೆ ಮಲ್ಲಿಕಾರ್ಜುನಯ್ಯನವರಿಗೆ ಅಪರೂಪದ ಕಲ್ಲು ಕೂಡಿಡುವುದೇ ಕಸುಬು. ಚಾಮರಾಜಪೇಟೆಯ ಅವರ ಮನೆಗೆ ಯಾರೇ ಬರಲಿ, ಕಾಫಿಗಿಂತ ಮೊದಲು ಗಾಜಿನ ಬೀರು ತೆರೆಯುತ್ತದೆ. "ಕಣ್ಣಲ್ಲಿ ನೋಡಿ, ಕೈ ಹಚ್ಬೇಡಿ!" ಎಂದು ಶುರುಮಾಡಿದರೆ ಮುಗಿಯಿತು. ಬಣ್ಣ ಗಾಢವಾಗಿರಬೇಕು, ಹರಳಿನ ತುದಿ ಮುಕ್ಕಾಗಿರಬಾರದು, ಅಂಟು ಹಾಕಿ ಜೋಡಿಸಿರಬಾರದು, "ಸಿಕ್ಕಿದ ಊರು ಗೊತ್ತಿಲ್ವಾ? ಹಾಗಾದ್ರೆ ಅದು ಜಲ್ಲಿ ಕಣ್ರೀ!" ಕೂದಲೆಳೆಯಷ್ಟು ಮುಕ್ಕು ಕಂಡರೂ ಸಾಕು, ಸ್ನೇಹಿತರು ಪ್ರೀತಿಯಿಂದ ತಂದ ಕಲ್ಲನ್ನೂ ಹೂಕುಂಡಕ್ಕೆ ಹಾಕುವ ಆಸಾಮಿ. ಆದರೆ ಬೀರುವಿನ ನಟ್ಟನಡುವೆ ಕೂತಿರುವುದು ಪುಣೆ ಕಡೆ ಸಿಗುವ ಕ್ಯಾವನ್‌ಸೈಟ್ ಎಂಬ ಹರಳುಗಲ್ಲು: ನವಿಲುಗತ್ತಿನ ನೀಲಿ, ಅದರ ಮೇಲೆ ಮೂರು ಬಿಳಿ ಗೆರೆ. ಹೋದ ವರ್ಷ ಆಯುಧಪೂಜೆಯ ದಿನ ಸ್ಕೂಟರಿಗೂ ಮಿಕ್ಸಿಗೂ ವಿಭೂತಿ ಹಚ್ಚುತ್ತ ಬಂದ ಹೆಂಡತಿ ಗಿರಿಜಾಂಬಾ, ಇವರ ಆಯುಧ ಇದೇ ತಾನೆ ಎಂದುಕೊಂಡು ಅದರ ಮೇಲೂ ಮೂರು ಬೆರಳು ಎಳೆದೇಬಿಟ್ಟರು, ಬೆರಳು ತಾಗಿದ ಕಡೆ ಹರಳಿನ ತುದಿಗಳು ಪುಡಿಯಾದವು. ಅದುವರೆಗೆ ಆ ಕಲ್ಲನ್ನು ಮಾರಿ ಎಂದು ದಿನಾ ಫೋನ್ ಮಾಡಿ ಪೀಡಿಸುತ್ತಿದ್ದ ಮುಂಬೈ ಗಿರಾಕಿ ಫೋಟೊ ನೋಡಿ ತಣ್ಣಗಾದ. ಆದರೂ ಮಲ್ಲಿಕಾರ್ಜುನಯ್ಯನವರು ಆ ಕಲ್ಲನ್ನು ಹೂಕುಂಡಕ್ಕೆ ಹಾಕಲಿಲ್ಲ. ಈ ವರ್ಷದ ಹಬ್ಬಕ್ಕೆ ಗಿರಿಜಾಂಬಾ ಬೀರುವಿನ ಹತ್ತಿರವೂ ಸುಳಿಯದಿದ್ದಾಗ, ತಾವೇ ಅದನ್ನು ತೆಗೆದು ಅವರ ಮುಂದೆ ಹಿಡಿದರು: "ಗೆರೆ ಮಾಸಿದೆ ನೋಡು ಗಿರಿಜಾ, ಇನ್ನೊಂದ್ಸಲ ಎಳಿ."