ಮಡಿಯಲ್ಲಿದ್ದ ಅಜ್ಜಿ, ನೀರಿನಲ್ಲಿದ್ದ ಮೊಸಳೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಆರು ಗಂಟೆ ಎಂದರೆ ಆರೇ ಗಂಟೆ. ಆರಕ್ಕೆ ಏಳಬೇಕು, ಆರೂಕಾಲಿಗೆ ಹಾಸಿಗೆ ಸುತ್ತಿಡಬೇಕು, ಆರೂವರೆಗೆ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲಬೇಕು. ಮಾಟುಂಗದ ವಠಾರದಂಥ ನಮ್ಮ ಚಾಳಿನಲ್ಲಿ ನೀರು ಬರುತ್ತಿದ್ದುದೇ ಬೆಳಗಿನ ಎರಡು ತಾಸು. ತಡಮಾಡಿದವನಿಗೆ ಸ್ನಾನವಿಲ್ಲ, ಸ್ನಾನವಿಲ್ಲದವನಿಗೆ ತಿಂಡಿಯಿಲ್ಲ. ಈ ಪದ್ಧತಿ ನನಗೆ ಆಗಲೂ ಇಷ್ಟವಾಗಿತ್ತು, ಈಗಲೂ ಇಷ್ಟ. ಮೊಮ್ಮಕ್ಕಳೇ, ನಿಮಗೆ ಇಷ್ಟವಿಲ್ಲವೆಂದು ನನಗೆ ಗೊತ್ತು.

ಎರಡು ಕೋಣೆಯ ಆ ಮನೆಯಲ್ಲಿ ಅಪ್ಪ, ಅಮ್ಮ, ಅಕ್ಕ, ನಾನು, ಮತ್ತು ಅಪ್ಪನ ತಾಯಿ ಅಜ್ಜಿ ಇದ್ದೆವು. ನನ್ನ ಆರನೆಯ ವರ್ಷದಲ್ಲಿ ಧಾರವಾಡದಿಂದ ಬರುವಾಗ ಅಜ್ಜಿ ತಂದದ್ದು ಒಂದು ಟ್ರಂಕು, ಒಂದು ತಾಮ್ರದ ತಂಬಿಗೆ ಮತ್ತು ತಮ್ಮ ಮಡಿ. ಮಡಿ ಎಂದರೇನೆಂದು ನೀವು ಕೇಳುತ್ತೀರಿ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು, ಸ್ನಾನ ಮಾಡಿ ಉಟ್ಟರೆ, ಅಜ್ಜಿ ಮಡಿಯಲ್ಲಿದ್ದಾರೆ ಎಂದರ್ಥ. ಆಮೇಲೆ ಪೂಜೆ, ಅಡಿಗೆ, ಊಟ ಮುಗಿಯುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮಡಿ ಕೆಟ್ಟಿತು. ಮತ್ತೆ ಸ್ನಾನ, ಮತ್ತೆ ಎಲ್ಲವೂ ಮೊದಲಿನಿಂದ. ಇದು ಸರಿಯೇ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅಜ್ಜಿ ಮಡಿ ಬಿಡುವ ಹೊತ್ತಿಗೆ ನಾನು ಶಾಲೆಯಲ್ಲಿರುತ್ತಿದ್ದೆ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅವರು ಸಂಜೆಯ ದೀಪಕ್ಕೆಂದು ಮತ್ತೆ ಮಡಿಯುಟ್ಟಿರುತ್ತಿದ್ದರು. ಹೀಗಾಗಿ ಅಜ್ಜಿಗೂ ನನಗೂ ನಡುವೆ ಯಾವಾಗಲೂ ಒಂದು ಮೊಳ ಜಾಗ ಇರುತ್ತಿತ್ತು.

ಆ ಒಂದು ಮೊಳ ಜಾಗವನ್ನು ಕಾಯುವುದು ನನ್ನದೇ ಕೆಲಸವಾಗಿತ್ತು. ಅಜ್ಜಿ ತುಂಬಿದ ಕೊಡ ಹೊತ್ತು ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಬರುವಾಗ ನಾನು ಮುಂದೆ ನಡೆಯುತ್ತ, "ಮಡಿ ಬಂತು, ಸರೀರಿ! ಬಾಜೂಲಾ ವ್ಹಾ!" ಎಂದು ಕನ್ನಡದವರಿಗೂ ಮರಾಠಿಯವರಿಗೂ ಕೇಳುವಂತೆ ಕೂಗಬೇಕು. ಎಂಟು ವರ್ಷದ ನಾನು ಅಜ್ಜಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಅಕ್ಕ ವಾರಕ್ಕೆ ಮೂರು ಸಲ ಮುಟ್ಟುತ್ತಿದ್ದಳು. ಅವಳಿಗೆ ಶಿಸ್ತು ಎಂಬುದು ಗೊತ್ತೇ ಇರಲಿಲ್ಲ.

ಒಂದು ಸಲ ಅಪ್ಪನ ಆಫೀಸಿನ ಗೆಳೆಯರೊಬ್ಬರು, ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು, ನಮಗೆಲ್ಲ ಕಾಡು ತೋರಿಸುತ್ತೇನೆಂದು ಮುಂದೆ ಬಂದರು. ಅವರು ಬೆಳಗಾವಿಯವರು. ಅವರ ಅಣ್ಣ ಪೊವಾಯಿ ಕೆರೆಯ ಕಡೆ ಕಲ್ಲು ಒಡೆಸುವ ಗುತ್ತಿಗೆದಾರ. ಅಣ್ಣನ ಜೀಪನ್ನು ಭಾನುವಾರ ಏಳಕ್ಕೆ ತರುವುದಾಗಿ ಹೇಳಿದರು. ನೀವು ಇದನ್ನು ಸಫಾರಿ ಎನ್ನುತ್ತೀರಿ. ಅಪ್ಪ ಇದನ್ನು 'ವನ್ಯಪ್ರಾಣಿ ವೀಕ್ಷಣೆ' ಎಂದು ಚೀಟಿಯಲ್ಲಿ ಬರೆದು ಕೆಳಗೆ ವೇಳಾಪಟ್ಟಿ ಹಾಕಿದರು. ಏಳು ಗಂಟೆ, ಪ್ರಯಾಣ. ಎಂಟೂವರೆ, ಜಿಂಕೆ. ಒಂಬತ್ತೂವರೆ, ಕೋತಿ. ಹತ್ತೂವರೆ, ಚಿರತೆ, ಅನುಕೂಲವಿದ್ದರೆ. ಹನ್ನೆರಡು, ಕೆರೆಯ ದಂಡೆಯಲ್ಲಿ ಊಟ. ಆ ಪಟ್ಟಿಯಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪಿದ್ದುದು ಉಳಿದವರಲ್ಲಿ.

ಮೊದಲನೆಯದಾಗಿ ಜೀಪು ಎಂಟು ಹತ್ತಕ್ಕೆ ಬಂತು. "ಅಹೋ, ರವಿವಾರ ಐತ್ರಿ, ಜರಾ ಆರಾಮ ಬರಬೇಕಲ್ರಿ," ಎಂದರು ಕಾಕಾ. ಅಷ್ಟರಲ್ಲಿ ಅಜ್ಜಿ ತಾವೂ ಬರುವುದಾಗಿ ಹೇಳಿದರು. ಆದರೆ ಮಡಿ ಬಿಟ್ಟು ಅಲ್ಲ. ಜೀಪಿನ ಮುಂದಿನ ಸೀಟಿನ ಮೇಲೆ ಎರಡು ಕೊಡ ನೀರು ಸುರಿದು, ಒರೆಸಿ, ಮಡಿಗೆಂದೇ ಇಟ್ಟ ಉಣ್ಣೆಯ ಧಾಬಳಿ ಹಾಸಿದ್ದಾಯಿತು. "ಅಜ್ಜಿ, ಪೆಟ್ರೋಲ್ ಟಾಕಿನೂ ತೊಳದ ಬಿಡೂನೇನ್ರಿ?" ಎಂದು ಕಾಕಾ ಕೇಳಿದರು. ಅಜ್ಜಿ ಅವರತ್ತ ತಿರುಗಿಯೂ ನೋಡಲಿಲ್ಲ. ಬೇಕಾದೀತೆಂದು ಇನ್ನೊಂದು ಮಡಿಸೀರೆಯನ್ನು ಕೋಲಿನ ತುದಿಗೆ ಸುತ್ತಿ ನನ್ನ ಕೈಗೆ ಕೊಟ್ಟರು. ನಾನು ಹಿಂದೆ ಕೂತು ಅದನ್ನು ಬಾವುಟದ ಹಾಗೆ ಎತ್ತಿ ಹಿಡಿದೆ. ಸಯನ್‌ನಲ್ಲಿ ಬಸ್ಸಿಗೆ ಕಾದು ನಿಂತವರೆಲ್ಲ ನಮ್ಮನ್ನು ನೋಡಿ ನಕ್ಕರು. ಕೈ ಸೋತು ಹೋದರೂ ನಾನು ಕೋಲು ಇಳಿಸಲಿಲ್ಲ.

ಕುರ್ಲಾ ದಾಟಿದ ಮೇಲೆ ಮನೆಗಳು ಕಡಿಮೆಯಾಗಿ ಹುಲ್ಲು ಶುರುವಾಯಿತು. ಮಳೆಗಾಲ ಆಗಷ್ಟೇ ಮುಗಿದಿತ್ತು. ಹುಲ್ಲು ಜೀಪಿನ ಎತ್ತರಕ್ಕೆ ಬೆಳೆದು ಎರಡೂ ಕಡೆಯಿಂದ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಸಾಗುವಾನಿಯ ಅಗಲ ಎಲೆಗಳು, ಹಸಿ ಮಣ್ಣಿನ ವಾಸನೆ, ಎಲ್ಲಿಂದಲೋ ಹರಿಯುವ ನೀರಿನ ಸದ್ದು, ಎಲ್ಲವೂ ಇತ್ತು. ಪ್ರಾಣಿ ಮಾತ್ರ ಇರಲಿಲ್ಲ. ಜೀಪು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು, ಕಾಕಾ ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದರು. ಮೂರು ತಾಸು ಸುತ್ತಿ ನಾವು ಕಂಡದ್ದು ಒಂದು ಮುಂಗುಸಿ, ಆರು ಎಮ್ಮೆ. ಅಪ್ಪ ಪಟ್ಟಿ ತೆಗೆದು ಜಿಂಕೆ, ಕೋತಿ, ಚಿರತೆ ಮೂರನ್ನೂ ಪೆನ್ಸಿಲಿನಿಂದ ಹೊಡೆದುಹಾಕಿದರು. ಉಳಿದದ್ದು ಊಟ ಒಂದೇ.

ಕೆರೆಯ ದಂಡೆಯ ಮೇಲೆ ಹುಣಿಸೆ ಮರವೊಂದಿತ್ತು. ಜೀಪು ನಿಂತ ಕೂಡಲೇ ಅಕ್ಕ ಹಾರಿ ಇಳಿದಳು. ಅವಳ ಜಡೆಯ ರಿಬ್ಬನ್ನು ಅಜ್ಜಿಯ ಭುಜಕ್ಕೆ ತಾಗಿತು. ಒಂದು ರಿಬ್ಬನ್ನು, ಅಷ್ಟೇ.

"ಕೆಡ್ತು," ಎಂದರು ಅಜ್ಜಿ.

ಅಮ್ಮ ಬಿಚ್ಚುತ್ತಿದ್ದ ಬುತ್ತಿಯನ್ನು ಮತ್ತೆ ಕಟ್ಟಿದರು. ಅಜ್ಜಿ ಕೆರೆಯಲ್ಲಿ ಮುಳುಗಿ, ಜಪ ಮುಗಿಸಿ ಬಂದ ಮೇಲೆಯೇ ಎಲ್ಲರಿಗೂ ಊಟ ಎಂದಾಯಿತು. ಅಕ್ಕನಿಗೆ ಮೂವರೂ ಸೇರಿ ಬೈದರು. ಅಪ್ಪ ನೀರಿನತ್ತ ಅನುಮಾನದಿಂದ ನೋಡಿ, ಮೊಸಳೆ ಏನಾದರೂ ಇದೆಯೇ ಎಂದು ಕೇಳಿದರು. "ಛೇ, ಮೊಸಳಿ ಗಿಸಳಿ ಏನಿಲ್ರಿ. ನಾ ಹತ್ತ ಸಲ ಬಂದೀನಿ," ಎಂದರು ಕಾಕಾ. ಜೀಪನ್ನು ಏಳಕ್ಕೆ ತರುತ್ತೇನೆಂದು ಹೇಳಿದವರೂ ಇವರೇ ಎಂಬುದು ಯಾರಿಗೂ ನೆನಪಾಗಲಿಲ್ಲ.

ಅಜ್ಜಿ ಮೂರು ಮುಳುಗು ಹಾಕಿ, ಮೊಣಕಾಲುದ್ದ ನೀರಿನಲ್ಲಿ ಕೆರೆಗೆ ಮುಖಮಾಡಿ ನಿಂತು, ಕಣ್ಣು ಮುಚ್ಚಿ ಜಪಕ್ಕೆ ತೊಡಗಿದರು. ತಂಬಿಗೆ ಪಕ್ಕದ ಕಲ್ಲಿನ ಮೇಲಿತ್ತು. ಅವರ ಬೆನ್ನ ಹಿಂದೆ, ಚಪ್ಪಟೆ ಬಂಡೆಯ ಮೇಲೆ, ಸರಿಯಾಗಿ ಒಂದು ಮೊಳ ದೂರದಲ್ಲಿ ನಾನು ಒಣ ಸೀರೆಯ ಕೋಲು ಹಿಡಿದು ನಿಂತಿದ್ದೆ. ಉಳಿದವರು ಮೇಲೆ ಹುಣಿಸೆ ಮರದ ಕೆಳಗಿದ್ದರು. ಬಿಸಿಲಿಗೆ ಕೆರೆ ತಗಡಿನಂತೆ ಹೊಳೆಯುತ್ತಿತ್ತು. ಕಪ್ಪೆಗಳು ವಟಗುಟ್ಟುತ್ತಿದ್ದವು. ನನಗೆ ಹಸಿವು.

ಇದ್ದಕ್ಕಿದ್ದಂತೆ ಕಪ್ಪೆಗಳು ಸುಮ್ಮನಾದವು. ಅಜ್ಜಿಯ ಎದುರು, ಜೀಪಿನ ಉದ್ದದಷ್ಟು ದೂರದಲ್ಲಿ, ನೀರಿನ ಮೇಲೆ ಎರಡು ಉಬ್ಬುಗಳು ಕಂಡವು. ಅವುಗಳ ಮುಂದೆ ಇನ್ನೊಂದು ಚಿಕ್ಕ ಉಬ್ಬು. ಅವು ತೇಲುತ್ತಿರಲಿಲ್ಲ, ಬರುತ್ತಿದ್ದವು. ಅಲೆಯಿಲ್ಲ, ಸದ್ದಿಲ್ಲ. ಎರಡು ಉಬ್ಬುಗಳಲ್ಲೂ ಕಣ್ಣಿದ್ದವು.

"ಅಜ್ಜೀ," ಎಂದೆ. ಜಪದಲ್ಲಿ ಅಜ್ಜಿ ಮಾತಾಡುವುದಿಲ್ಲ. ಎಡಗೈ ಎತ್ತಿ, ತಡಿ ಎಂದು ಸನ್ನೆ ಮಾಡಿದರು. "ಅಜ್ಜೀ! ಅಜ್ಜೀ!" ಎಂದು ಚೀರಿದೆ. ಮೊಸಳೆ ಎಂಬ ಮಾತು ಮಾತ್ರ ನಾಲಿಗೆಗೆ ಬರಲಿಲ್ಲ. ಅಜ್ಜಿ ಸಿಟ್ಟಿನಿಂದ ಇನ್ನೊಮ್ಮೆ ಕೈ ಎತ್ತಿದರು. ನಾನು ಕೋಲು ಬಿಸುಟು ಅವರತ್ತ ಕೈ ಚಾಚಿದೆ.

ದಂಡೆಯ ಮೇಲಿದ್ದವರಿಗೆ ನೀರು ಕಾಣಲಿಲ್ಲ. ಕಂಡದ್ದು ನನ್ನ ಕೈ ಮಾತ್ರ.

"ಮುಟ್ಟಬ್ಯಾಡೋ!" ಎಂದು ಅಪ್ಪ ಕೂಗಿದರು.

"ಏ, ಮುಟ್ಟಬ್ಯಾಡ! ಮತ್ತ ಊಟಿಲ್ಲ ನೋಡು!" ಎಂದಳು ಅಕ್ಕ.

ಮಕ್ಕಳೇ, ನನ್ನ ಕೈ ನಿಂತುಬಿಟ್ಟಿತು. ಅಜ್ಜಿಯ ಮೊಣಕೈಗೂ ನನ್ನ ಬೆರಳಿಗೂ ನಡುವೆ ನಾಲ್ಕು ಬೆರಳು ಜಾಗ. ಮೊಸಳೆ ಬರುತ್ತಿರುವುದು ನನಗೆ ಕಾಣುತ್ತಿತ್ತು, ಆದರೂ ಕೈ ನಿಂತಿತು. ಹೇಳಿದ ಮಾತು ಕೇಳುವ ಹುಡುಗನ ಹಣೆಬರಹ ಇದು. ಒಂದು ಉಸಿರಿನಷ್ಟು ಹೊತ್ತು ಇರಬಹುದು. ಅಷ್ಟರಲ್ಲಿ ಆ ಉಬ್ಬುಗಳು ನೀರಿನೊಳಗೆ ಇಳಿದು ಮಾಯವಾದವು. ಅವು ಕಾಣುತ್ತಿದ್ದಾಗ ಆಗದಿದ್ದ ಹೆದರಿಕೆ ಕಾಣದಾದಾಗ ಆಯಿತು. ಎರಡೂ ಕೈಯಿಂದ ಅಜ್ಜಿಯ ಸೊಂಟದ ಒದ್ದೆ ಸೀರೆ ಹಿಡಿದು, ಮೈಭಾರವನ್ನೆಲ್ಲ ಹಾಕಿ ಹಿಂದಕ್ಕೆ ಬಿದ್ದೆ. ಅಜ್ಜಿ ನನ್ನ ಮೇಲೆ ಬಿದ್ದರು.

ನೀರು ಒಡೆಯಿತು. ಅಜ್ಜಿ ನಿಂತಿದ್ದ ಜಾಗದಲ್ಲಿ ಒಂದು ಬಾಯಿ ಎದ್ದು ಮುಚ್ಚಿಕೊಂಡಿತು. ಟ್ರಂಕಿನ ಮುಚ್ಚಳ ಕೈತಪ್ಪಿ ಬಿದ್ದಾಗ ಆಗುತ್ತದಲ್ಲ, ಅಂಥ ಸದ್ದು. ಕೊಳೆತ ಕೆಸರಿನ ನಾತ ಮುಖಕ್ಕೆ ಬಡಿಯಿತು. ತಂಬಿಗೆ ಠಣ್ ಎಂದು ಕಲ್ಲಿಗೆ ಬಡಿದು ನೀರಿಗುರುಳಿತು. ಆಮೇಲೆ ಅಲ್ಲಿ ಕಲಕಿದ ನೀರು ಬಿಟ್ಟರೆ ಏನೂ ಇರಲಿಲ್ಲ.

ಅಜ್ಜಿ ಕಣ್ಣು ತೆರೆದಾಗ ಕಂಡದ್ದು ಆ ಕಲಕಿದ ನೀರು ಮತ್ತು ನಾನು.

"ಮುಟ್ಟಿದ್ಯಲ್ಲೋ, ಖೋಡಿ ಹುಡುಗಾ! ನನ್ನ ತಂಬಿಗಿ ಎಲ್ಲೋ?"

ಎದ್ದರು. ಸೆರಗು ಸರಿಮಾಡಿಕೊಂಡರು. ಮಡಿ ಕೆಟ್ಟಿತ್ತಲ್ಲ, ಮತ್ತೆ ಸ್ನಾನ ಮಾಡಲು ಸೀದಾ ಕೆರೆಯತ್ತ ಹೊರಟರು! ಇಷ್ಟರಲ್ಲಿ, ಆ ಬಾಯಿ ಮೇಲೆದ್ದದ್ದನ್ನು ಕಂಡು ಓಡಿಬಂದ ಅಪ್ಪ ಅಜ್ಜಿಗೂ ನೀರಿಗೂ ನಡುವೆ ಕೈ ಅಗಲಿಸಿ ನಿಂತರು. ಆಗಲೂ ಮುಟ್ಟಲಿಲ್ಲ. ಮಡಿ ಆಗಲೇ ಕೆಟ್ಟು ಹೋಗಿದ್ದರೂ ರೂಢಿ ಬಿಡಬೇಕಲ್ಲ.

"ಅವ್ವಾ, ನೀರಾಗ ಮೊಸಳಿ ಅದ!"

"ಇರವಲ್ದ್ಯಾಕ. ಅದರ ಪಾಡಿಗೆ ಅದು ಇರ್ತದ. ಎರಡು ಮುಳುಗು ಹಾಕಿ ಬಂದಬಿಡ್ತೀನಿ, ಅತ್ಲಾಗ ಸರಿ."

ಅಷ್ಟು ಹೊತ್ತಿಗೆ ಮೊಸಳೆಯೇ ಮೇಲೆ ಬಂದು ಆ ವಾದ ಮುಗಿಸಿತು. ನಾನು ಬಿಸುಟ ಕೋಲು ನೀರಿನಲ್ಲಿ ತೇಲುತ್ತಿತ್ತು, ಸೀರೆ ಬಿಚ್ಚಿಕೊಂಡು ಹರಡಿತ್ತು. ಅದರ ಪಕ್ಕದಲ್ಲಿ ಕಲ್ಲಿನ ಗೋಡೆಯಂಥ ಬೆನ್ನು ಎದ್ದಿತು. ಬಾಲದಿಂದ ಹಿಡಿದು ಮೂತಿಯವರೆಗೆ ನಮ್ಮ ಗ್ಯಾಲರಿಯ ಅಗಲದ ಎರಡರಷ್ಟು ಇತ್ತು. ಅದು ಒಮ್ಮೆ ಹೊರಳಿದಾಗ ಸೀರೆ, ಕೋಲು ಎರಡೂ ಮುಳುಗಿದವು. ಅಜ್ಜಿ ನಿಂತಲ್ಲೇ ಕುಸಿದು ಕುಳಿತರು.

"ನಾ ಚಿರತಿ ಅಂದಿದ್ದೆ. ಇದು ಫುಕಟ್ ಬಂತ್ರಿ," ಎಂದರು ಕಾಕಾ. ಅಪ್ಪ ಅವರನ್ನು ನೋಡಿದ ರೀತಿಗೆ ಅವರು ಸೀದಾ ಹೋಗಿ ಜೀಪು ಶುರುಮಾಡಿದರು.

ಮಡಿ ಕೆಟ್ಟ ಮೇಲೆ ಧಾಬಳಿಯ ಮೇಲೆ ಕೂರುವಂತಿಲ್ಲವೆಂದು ಅಜ್ಜಿ ಮುಂದಿನ ಸೀಟಿಗೆ ಹೋಗಲಿಲ್ಲ. ಅಮ್ಮನ ಶಾಲು ಹೊದ್ದು ಹಿಂದೆ ನಮ್ಮೊಂದಿಗೆ ಕೂತರು. ನಾನು ಮೈ ಮುದುಡಿ, ಎಂದಿನಂತೆ ಒಂದು ಮೊಳ ಜಾಗ ಬಿಟ್ಟು ಕೂತೆ.

"ಇನ್ನೆಲ್ಲಿಗೆ ಸರೀತಿ? ಹೆಂಗೂ ಕೆಟ್ಟದ. ಬಾ ಇತ್ಲಾಗ," ಎಂದು ನನ್ನ ಕೈ ಹಿಡಿದು ಎಳೆದುಕೊಂಡರು.

ಅಜ್ಜಿಯ ಅಂಗೈ ಎಷ್ಟು ಮೆತ್ತಗೆ, ಎಷ್ಟು ತಣ್ಣಗೆ ಇದೆಯೆಂದು ನನಗೆ ತಿಳಿದದ್ದು ಆಗಲೇ. ಅವರ ಬಳಿ ಕರ್ಪೂರದ ವಾಸನೆ, ಒದ್ದೆ ಹತ್ತಿಯ ವಾಸನೆ. ತಂಬಿಗೆ ಹೋದದ್ದು, ಸೀರೆ ಹೋದದ್ದು, ಕೋಲು ಹೋದದ್ದು, ಎಲ್ಲಕ್ಕೂ ನಾನೇ ಕಾರಣವೆಂದು ಪೊವಾಯಿಯಿಂದ ಕುರ್ಲಾವರೆಗೆ ಬೈದರು. ನಾನು ಉತ್ತರ ಕೊಡಲು ಬಾಯಿ ತೆರೆದಾಗಲೆಲ್ಲ ಶೇಂಗಾ ಚಟ್ನಿ ಹಚ್ಚಿ ಸುರುಳಿ ಸುತ್ತಿದ ಚಪಾತಿಯ ತುಂಡನ್ನು ಬಾಯಿಗೆ ತುರುಕಿದರು. ಸ್ನಾನವಾಗದೆ ತಾವು ಒಂದು ತುತ್ತೂ ತಿನ್ನಲಿಲ್ಲ. ಇನ್ನೊಂದು ಕೈಯಿಂದ ನನ್ನ ಮಣಿಕಟ್ಟು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಇಳಿಯುವಾಗ ಅಲ್ಲಿ ಐದು ಬೆರಳೂ ಮೂಡಿದ್ದವು.

ಚಾಳಿನ ಮೆಟ್ಟಿಲ ಬಳಿ ನಾನು ಅಭ್ಯಾಸದಂತೆ ಮುಂದೆ ನಡೆದು ಕೂಗಲು ಬಾಯಿ ತೆರೆದೆ. "ಇವತ್ತ ಕೂಗಬ್ಯಾಡ," ಎಂದರು ಅಜ್ಜಿ. ನನ್ನ ಭುಜದ ಮೇಲೆ ಕೈ ಊರಿ ಎರಡು ಮಹಡಿ ಹತ್ತಿದರು. ಗ್ಯಾಲರಿಯಲ್ಲಿ ನಿಂತವರೆಲ್ಲ ದಾರಿ ಬಿಟ್ಟು, ನಮ್ಮಿಬ್ಬರನ್ನೂ ನೋಡಿದರು.

ಮರುದಿನ ಆರೂವರೆಗೆ ಎಲ್ಲವೂ ಹಳೆಯ ಪದ್ಧತಿಗೆ ಬಂತು. ನಾನು ಕೂಗುತ್ತ ಮುಂದೆ ನಡೆದೆ, ಅಜ್ಜಿ ಕೊಡ ಹೊತ್ತು ಹಿಂದೆ ಬಂದರು. ಆದರೆ ನಡುವಿನ ಜಾಗ ಒಂದು ಮೊಳ ಇರಲಿಲ್ಲ. ಅರ್ಧ ಮೊಳವಾಗಿತ್ತು. ಎರಡು ವರ್ಷ ಅದನ್ನೇ ಕಾದವನು ನಾನು, ನನಗೆ ತಿಳಿಯದೇ?

ಇನ್ನು ನಿಮ್ಮ ವಿಷಯ. ನೀವು ಮೊಸಳೆಯನ್ನು ಫೋನಿನಲ್ಲಿ ನೋಡುತ್ತೀರಿ, ಅದರ ಮೂಗಿನ ಮೇಲೆ ಬೆರಳಿಟ್ಟು ದೊಡ್ಡದು ಮಾಡುತ್ತೀರಿ, ಬೇಸರವಾದರೆ ಸರಿಸಿಬಿಡುತ್ತೀರಿ. ಶಾಲೆಯಿಂದ ಬಂದವರು ಬೂಟು ಬಿಚ್ಚುವುದಿಲ್ಲ, ಕೈ ತೊಳೆಯುವುದಿಲ್ಲ, ಚಾಕಲೇಟು ಮೆತ್ತಿದ ಕೈಯಿಂದಲೇ ನನ್ನ ಪತ್ರಿಕೆಯ ಮೇಲೆ, ಅದರ ಕೆಳಗಿರುವ ನನ್ನ ಮೇಲೆ ಬಂದು ಬೀಳುತ್ತೀರಿ. ಮುಟ್ಟಬಹುದೇ ಎಂದು ಕೇಳಬೇಕೆಂಬುದು ನಿಮಗೆ ಕನಸಿನಲ್ಲೂ ಹೊಳೆಯುವುದಿಲ್ಲ. ಹೇಳಿ ಹೇಳಿ ನನಗೆ ಸಾಕಾಗಿದೆ.

ಈಗಲೂ ಇಷ್ಟು ಬರೆಯುವಷ್ಟರಲ್ಲಿ ನಿಮ್ಮಲ್ಲಿ ಚಿಕ್ಕವಳು ಹಿಂದಿನಿಂದ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಿದ್ದಾಳೆ. ಪೆನ್ನು ಜಾರಿ ಕಾಗದದ ಮೇಲೆ ಉದ್ದಕ್ಕೆ ಗೀರು ಬಿದ್ದಿದೆ. ಇಳಿ ಎಂದು ಮೂರು ಸಲ ಹೇಳಿದೆ, ಕೇಳಲಿಲ್ಲ. ನಾಲ್ಕನೆಯ ಸಲ ನಾನು ಹೇಳುವುದಿಲ್ಲ.