ಸುಂದರವ್ವ ಕೈ ಎತ್ತಲಿಲ್ಲ

ತಾಂಬಾ ಊರಿನ ಸುಂದರವ್ವ ಕೂತಲ್ಲೇ ಕಳೆದುಹೋಗುವ ಹೆಂಗಸು. ಉಣ್ಣೆ ನೂಲುತ್ತ ಬಯಲಿನತ್ತ ನೋಡತೊಡಗಿದರೆ ಮುಗಿಯಿತು. ಬಿಸಿಲ ಝಳದಲ್ಲಿ ದೂರದ ಜಾಲಿಗಿಡಗಳು ನೆಲ ಬಿಟ್ಟು ತೇಲುವಂತೆ ಅವಳೂ ತೇಲಿಹೋಗುವಳು. ಕದಿರು ಮಾತ್ರ ತನ್ನ ಪಾಡಿಗೆ ತಾನು ತಿರುಗುತ್ತಿರುವುದು. ಆ ಹೊತ್ತಿನಲ್ಲಿ ಕುರಿಗಳು ಯಾರ ಜೋಳಕ್ಕೆ ಬಾಯಿ ಹಾಕಿದರೂ ಅವಳಿಗೆ ತಿಳಿಯದು. ಹೊಲದವರ ಬೈಗುಳ ತಿನ್ನಬೇಕಾದವನು ಗಂಡ ಸಿದ್ದರಾಯ.

"ಏ, ಎಲ್ಲಿ ಹೋಗೀದಿ? ತಿರುಗಿ ಬಾ ಇಲ್ಲಿ," ಎಂದು ಅವಳ ಭುಜ ಅಲ್ಲಾಡಿಸುವನು. ಅವನ ದನಿಯಲ್ಲಿ ಸಿಟ್ಟಿಗಿಂತ ಸೋಜಿಗವೇ ಹೆಚ್ಚು.

ಮರಿಯೊಂದರ ಕಾಲು ಮುರಿದಾಗ ಮಾತ್ರ ಅವಳು ಪೂರಾ ಇಲ್ಲಿಯೇ ಇರುತ್ತಿದ್ದಳು. ಕಣ್ಣು ಮುಚ್ಚಿ, ಬೆರಳಿನಿಂದ ಎಲುಬು ತಡವಿ, ಮುರಿದ ಜಾಗ ಸಿಕ್ಕ ಮೇಲೆ ಉಣ್ಣೆ ಸುತ್ತಿ, ಮೇಲೆ ಬಿದಿರ ದಬ್ಬೆ ಇಟ್ಟು ಕಟ್ಟುವಳು. ಎಪ್ಪತ್ತೈದನೇ ಇಸವಿಯ ಬೇಸಗೆಯಲ್ಲಿ ಹಾಗೆ ಕಟ್ಟಿಸಿಕೊಂಡ ಮರಿಯೊಂದು ಸಿಂದಗಿ ರಸ್ತೆಯ ನಡುವೆ ನಿಂತು, ಬಂದ ಜೀಪನ್ನು ನಿಲ್ಲಿಸಿತು. ಇಳಿದವರು ರಾಚಪ್ಪ ಡಾಕ್ಟರು. ಮರಿಯನ್ನು ಎತ್ತಿ ಪಕ್ಕಕ್ಕೆ ಬಿಡಲು ಹೋದವರು ಅದರ ಕಾಲನ್ನೇ ನೋಡುತ್ತ ನಿಂತರು.

"ಈ ಕಟ್ಟು ಯಾರು ಕಟ್ಟ್ಯಾರ?"

"ನಾನ್ರಿ. ತಪ್ಪಾಗೇತೇನ್ರಿ?"

"ತಪ್ಪಲ್ಲವ್ವಾ. ನಾ ಕಟ್ಟಿದ್ರ ಇಷ್ಟು ಚಂದ ಬರ್ತಿರಲಿಲ್ಲ."

ಡಾಕ್ಟರು ಅಲ್ಲೇ ಬೇವಿನ ನೆರಳಿಗೆ ಕುಳಿತು ತಮ್ಮ ಕೆಲಸ ಹೇಳಿದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಹಳ್ಳಿಗಳನ್ನು ಅವರು ಸುತ್ತುತ್ತಿದ್ದರು. "ದವಾಖಾನಿಗೆ ಬಂದವ್ರನ್ನ ನಾವು ನೋಡ್ತೇವಿ. ಆದ್ರ ಹೊಲದಿಂದ ದವಾಖಾನಿ ತನಕ ಬರೂ ದಾರ್ಯಾಗ ಅವ್ರನ್ನ ಯಾರು ನೋಡ್ತಾರ? ಮಂದಿ ಸಾಯೂದು ಆ ದಾರ್ಯಾಗ. ಒಂದೊಂದು ಊರಿಗೆ ಒಬ್ಬೊಬ್ಬರನ್ನ ಹುಡುಕಾಕತ್ತೇನಿ, ಮೊದಲು ಓಡಿ ಬರಾವ್ರನ್ನ. ನೀ ಬರ್ತಿ ಏನು?"

"ನನಗ ಓದಾಕ ಬರೂದಿಲ್ರಿ."

"ನಿನ್ನ ಬೆರಳು ಎಲುಬು ಹುಡುಕತಾವಲ್ಲ, ಅಷ್ಟು ಸಾಕು."

ಸಿದ್ದರಾಯ ನಕ್ಕುಬಿಟ್ಟ. "ಸಾಹೇಬ್ರ, ಇಕಿ ಎಚ್ಚರ ಇದ್ದಾಗ ಕರ್ಕೊಂಡು ಹೋಗ್ರಿ." ಆದರೂ ಅವನೇ ಅವಳ ಬುತ್ತಿ ಕಟ್ಟಿಸಿ ಬಾಗೇವಾಡಿಯ ಬಸ್ಸು ಹತ್ತಿಸಿ ಬಂದ.

ರಜೆಯಲ್ಲಿ ಖಾಲಿ ಬಿದ್ದಿದ್ದ ಸಾಲೆಯಲ್ಲಿ ಹತ್ತು ದಿನದ ಪಾಠ. ಹದಿನಾಲ್ಕು ಮಂದಿ: ಮಾಸ್ತರರು, ಒಬ್ಬ ಸಿಂಪಿಗ, ಗಿರಣಿಯಲ್ಲಿ ಹಿಟ್ಟು ಬೀಸುವವನು, ಸೂಲಗಿತ್ತಿಯರಿಬ್ಬರು. ಡಾಕ್ಟರರ ಮಾತು ಸುಂದರವ್ವನಿಗೆ ಕೊಳದ ಆಚೆ ದಡದಿಂದ ಬಂದಂತೆ ಕೇಳುತ್ತಿತ್ತು, ಆದರೆ ಬಂದದ್ದು ಒಂದೂ ಕಳೆದುಹೋಗುತ್ತಿರಲಿಲ್ಲ. ನಾಡಿ ನೋಡುವುದನ್ನು ಕಲಿಸಿದ ದಿನ ಪಕ್ಕದ ಸೂಲಗಿತ್ತಿಯ ಮಣಿಕಟ್ಟು ಹಿಡಿದವಳು ಬಿಡುವುದನ್ನೇ ಮರೆತಳು. ಚರ್ಮದ ಕೆಳಗೆ ಯಾರೋ ಬಲು ದೂರದಿಂದ ನಡೆದು ಬರುತ್ತಿದ್ದಾರೆ, ಬರುತ್ತಲೇ ಇದ್ದಾರೆ.

ಡಾಕ್ಟರು ಗಾಯಗೊಂಡವರನ್ನು ಹೊರುವ ಕ್ಯಾನ್ವಾಸಿನ ಡೋಲಿ ತೋರಿಸಿದಾಗ ಮಾತ್ರ ಅವಳು ಬಾಯಿ ಬಿಟ್ಟಳು. "ಇದು ನಮ್ಮೂರಾಗ ಎಲ್ಲೈತ್ರಿ?" ಎನ್ನುತ್ತ ತನ್ನ ಕಂಬಳಿ ಹಾಸಿ, ಎರಡು ಬಿದಿರ ಗಳಕ್ಕೆ ಅಂಚು ಸುತ್ತಿ, ಎಲ್ಲರಿಗಿಂತ ದಪ್ಪನೆಯ ಮಾಸ್ತರರನ್ನು ಮಲಗಲು ಹೇಳಿದಳು. ನಾಲ್ವರು ಎತ್ತಿದರು. ಕಂಬಳಿ ಜಾರಲಿಲ್ಲ.

ಡಾಕ್ಟರು ದಿನಾ ಹೇಳಿದ ಮಾತು ಒಂದೇ. "ರಕ್ತ ಬರೂ ಜಾಗಾ ಒತ್ತಿ ಹಿಡೀರಿ. ನಿಂತೈತೇನಂತ ಕೈ ಎತ್ತಿ ನೋಡಬ್ಯಾಡ್ರಿ. ಎಲ್ಲಾರೂ ಅಲ್ಲೇ ಕೆಡ್ತಾರ."

ಕೊನೆಯ ದಿನ ಪ್ರತಿಯೊಬ್ಬರಿಗೂ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಅರಳೆ, ಪಟ್ಟಿ, ಟಿಂಚರು, ಒಂದು ಕೆಂಪು ಬಟ್ಟೆ. ಆ ಬಟ್ಟೆ ಬೀಸಿದರೆ ಬಸ್ಸು ನಿಲ್ಲಿಸುವುದಾಗಿ ಡಾಕ್ಟರು ಚಾಲಕರಿಂದ ಮಾತು ತೆಗೆದುಕೊಂಡಿದ್ದರು.

ಹತ್ತು ತಿಂಗಳು ಪೆಟ್ಟಿಗೆ ಗೂಟಕ್ಕೆ ತೂಗಿತು. ಮುಳ್ಳು ಚುಚ್ಚಿದವರು, ಕುಡುಗೋಲು ತಾಗಿದವರು ಬಂದರು. ಉಳಿದವರು "ಕುರಿ ಡಾಕ್ಟರಿಣಿ" ಎಂದು ನಕ್ಕರು. ಸುಂದರವ್ವ ಮತ್ತೆ ಬಯಲು ನೋಡತೊಡಗಿದಳು.

ಶಿವರಾತ್ರಿ ಕಳೆದು ಗುರಲಿಂಗಪ್ಪನ ಹೊಲದಲ್ಲಿ ಬಾವಿ ಆಳ ಮಾಡುವ ಕೆಲಸ ನಡೆದಿತ್ತು. ಬಂಡೆಗೆ ಮದ್ದು ತುಂಬಿ ಸಿಡಿಸುವವನು ಬಾಬುಲಾಲ. ಒಂದು ಮುಂಜಾನೆ ಮದ್ದಿನ ಕುಳಿಗಳೆಲ್ಲ ಸಿಡಿದವೆಂದು ಅವನು ಇಣುಕಿದಾಗ ತಡವಾಗಿ ಇನ್ನೊಂದು ಸಿಡಿಯಿತು. ಕಲ್ಲಿನ ಚೂರೊಂದು ಅವನ ತೊಡೆ ಸೀಳಿತು.

ಕೂಗು ಕೇಳಿ ಸುಂದರವ್ವ ಪೆಟ್ಟಿಗೆಯೊಂದಿಗೆ ಓಡಿದಳು, ಹಿಂದೆ ಕಂಬಳಿ ಹೊತ್ತ ಸಿದ್ದರಾಯ. ಬಾವಿಯ ದಂಡೆಯ ಮೇಲೆ ಬಾಬುಲಾಲನ ತಲೆಯನ್ನು ಹೆಂಡತಿ ರಾಜಬಿ ತೊಡೆಯ ಮೇಲಿಟ್ಟುಕೊಂಡಿದ್ದಳು. ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಸುತ್ತ ನಿಂತ ಗಂಡಸರಲ್ಲೊಬ್ಬ, "ಹೆಂಗಸು ಮುಟ್ಟೂ ಜಾಗಾ ಅಲ್ಲ ಅದು," ಎಂದ.

ಸುಂದರವ್ವ ರಾಜಬಿಯನ್ನು ನೋಡಿದಳು. "ತಂಗಿ, ಮುಟ್ಟಲೇನ?"

"ಮುಟ್ಟು ಅಕ್ಕಾ! ಯಾರ ಮಾರೀನೂ ನೋಡಬ್ಯಾಡ."

ಅರಳೆಯ ಉಂಡೆ ಗಾಯಕ್ಕಿಟ್ಟು ಎರಡೂ ಕೈಯಿಂದ, ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಬೆಚ್ಚಗಿನದು ಬೆರಳ ಸಂದಿಯಲ್ಲಿ ಹರಿಯಿತು, ನಿಧಾನವಾಯಿತು. ಕಂಬಳಿಯ ಡೋಲಿಯಲ್ಲಿ ಅವನನ್ನು ಹೊತ್ತಾಗ ಅವಳು ಬಾಗಿಕೊಂಡೇ ಜೊತೆಗೆ ನಡೆದಳು. ಕೆಂಪು ಬಟ್ಟೆ ಹಿಡಿದು ಸಿದ್ದರಾಯ ರಸ್ತೆಗೆ ಓಡಿದ್ದ. ಇಂಡಿಯ ಬಸ್ಸು ಧೂಳೆಬ್ಬಿಸುತ್ತ ನಿಂತಿತು. "ಏಳ್ರಿ, ಏಳ್ರಿ, ಜಾಗಾ ಬಿಡ್ರಿ!" ಎಂದು ಕಂಡಕ್ಟರ್ ಮಂದಿಯನ್ನು ಎಬ್ಬಿಸಿದ.

ಬಸ್ಸು ಎಲ್ಲೂ ನಿಲ್ಲಲಿಲ್ಲ. ಹಳ್ಳಿಗಳ ಬಳಿ ಕೈ ಎತ್ತಿ ನಿಂತವರು ಕಿಟಕಿಯಲ್ಲಿ ಮೆಲ್ಲಗೆ ತೇಲಿ ಹಿಂದೆ ಸರಿದರು. ಸುಂದರವ್ವನ ತೋಳು ಮೊದಲು ನೊಂದಿತು, ಆಮೇಲೆ ಜೋಮು ಹಿಡಿಯಿತು, ಆಮೇಲೆ ಅದು ಅವಳದಾಗಿ ಉಳಿಯಲಿಲ್ಲ. ಕೊಯ್ದ ಜೋಳದ ಹೊಲಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅವಳು ಅವುಗಳ ಮೇಲೆ ಎಲ್ಲೋ ಇದ್ದಳು. ಕೆಳಗೆ, ಬಲು ಕೆಳಗೆ, ಯಾರದೋ ಅಂಗೈಗೆ ಒಂದು ನಾಡಿ ಬಡಿಯುತ್ತಿತ್ತು. ಬಿತ್ತಿದ ಕಾಳು ನೆಲದೊಳಗಿಂದ ತಟ್ಟಿದಂತೆ.

"ಯವ್ವಾ, ರಕ್ತ ನಿಂತಾಂಗ ಕಾಣ್ತೈತಿ. ಸ್ವಲ್ಪ ಕೈ ತಗದು ನೋಡು," ಎಂದ ಜೊತೆಗೇ ಬಸ್ಸು ಹತ್ತಿದ್ದ ಹೊಲದ ಗೌಡ ಗುರಲಿಂಗಪ್ಪ, ದಿಗಿಲಿನಿಂದ.

ಅವಳಿಗೆ ಕೇಳಿಸಿತೋ ಇಲ್ಲವೋ. ಕೈ ಮಾತ್ರ ಕದಲಲಿಲ್ಲ. ಸಿದ್ದರಾಯ ಮೆಲ್ಲಗೆ, "ಗೌಡ್ರ, ಆಕಿನ್ನ ಎಬ್ಬಿಸಬ್ಯಾಡ್ರಿ," ಎಂದ. ಹೆಂಡತಿಯನ್ನು ಅವನು ಕಳೆದುಹೋಗಲು ಬಿಟ್ಟದ್ದು ಅದೇ ಮೊದಲು.

ಇಂಡಿಯ ದವಾಖಾನೆಯಲ್ಲಿ ನರ್ಸಮ್ಮ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. "ಬಿಡು ಯವ್ವಾ, ಇನ್ನ ನಾವು ಹಿಡೀತೇವಿ." ಹೊರಗಿನ ಕಟ್ಟೆಯ ಮೇಲೆ ಕುಳಿತ ಮೇಲೆ ಅವಳು ಅತ್ತಳು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

ಬಾಬುಲಾಲ ಬದುಕಿದ. ಕಾಲು ಸೆಟೆದುಕೊಂಡಿತು, ಮತ್ತೆ ಬಾವಿಗೆ ಇಳಿಯಲಿಲ್ಲ. ಮನೆಯ ಮುಂದೆ ಕುಳಿತು ಬೀಸುಕಲ್ಲು ಕಟೆಯುವವನಾದ. ಮೂರು ವರ್ಷಕ್ಕೆ ರಾಚಪ್ಪ ಡಾಕ್ಟರಿಗೆ ವರ್ಗವಾಗಿ ಬಾಗೇವಾಡಿಯ ಪಾಠ ನಿಂತಿತು. ಹದಿನಾಲ್ಕರಲ್ಲಿ ಐದಾರು ಮಂದಿಯಷ್ಟೇ ಪೆಟ್ಟಿಗೆ ಹಿಡಿದು ಉಳಿದರು. ಸುಂದರವ್ವ ಮಾತ್ರ ತಾನೇ ಪಾಠ ಶುರು ಮಾಡಿದಳು. ಮಧ್ಯಾಹ್ನ ಕುರಿಗಳು ನೆರಳಿಗೆ ಬಂದಾಗ ರಾಜಬಿ ಬರುವಳು, ಆಮೇಲೆ ಚನ್ನವ್ವ ಎಂಬ ಸೂಲಗಿತ್ತಿಯೂ ಬರತೊಡಗಿದಳು. ಗಾಯಾಳುವಾಗಿ ಮಲಗುವವನು ಸಿದ್ದರಾಯ. ಗೊಣಗುತ್ತಲೇ ಮಲಗಿದವನಿಗೆ ನಿದ್ದೆ ಹತ್ತಿಬಿಡುತ್ತಿತ್ತು. ರಾಜಬಿ ಅವನ ಮಣಿಕಟ್ಟು ಹಿಡಿದು, "ನಾಡಿ ಸಿಗಲೊಲ್ಲದು ಅಕ್ಕಾ," ಅಂದರೆ, ಸುಂದರವ್ವ ಅವಳ ಬೆರಳನ್ನು ತುಸುವೇ ಸರಿಸಿ, "ಅವಸರ ಮಾಡಬ್ಯಾಡ. ಬರ್ತೈತಿ," ಎನ್ನುವಳು. ಆಮೇಲೆ ಮೂವರು ಹೆಂಗಸರೂ ಕಾಯುತ್ತ ಕೂರುವರು.